ಮೇಜಿನ ಮೇಲಿದ್ದದ್ದೇ ಊರು

ನಗರಸಭೆಯ ಯೋಜನಾ ವಿಭಾಗದಲ್ಲಿ ನನ್ನ ಕೆಲಸ ಮನೆ ಕಟ್ಟುವುದು. ಬೆಂಕಿಪೊಟ್ಟಣದಷ್ಟು ಮನೆ, ಅದಕ್ಕಿಂತ ಚಿಕ್ಕ ಅಂಗಡಿ, ಅಂಗೈ ಉದ್ದದ ಸೇತುವೆ. ಮರದ ಪಟ್ಟಿ ಕೊಯ್ದು, ಉಜ್ಜಿ, ಬಣ್ಣ ಹಚ್ಚಿ, ತಳಕ್ಕೊಂದು ಮೊಳೆ ಸಿಕ್ಕಿಸಿ, ಸಭಾಂಗಣದ ದೊಡ್ಡ ಮೇಜಿನ ಮೇಲಿನ ತೂತುಗಳಲ್ಲಿ ಒಂದೊಂದಾಗಿ ಊರನ್ನು ನೆಡುತ್ತೇನೆ. ಕಚೇರಿಯವರು ನನ್ನನ್ನು ಎದುರಿಗೆ ಮಾದರಿಯಮ್ಮ ಅನ್ನುತ್ತಾರೆ, ಬೆನ್ನ ಹಿಂದೆ ಮೆಣಸಿನಕಾಯಿ ಅನ್ನುತ್ತಾರೆ. ಅನ್ನಲಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ, ಇಲ್ಲ ಅಂದರೆ ಯಾರು ನಂಬುತ್ತಾರೆ?

ಊರು ಮೇಜು ಹತ್ತಿದ್ದಕ್ಕೂ ಒಂದು ಕಾರಣವಿತ್ತು. ಮೊದಲು ನಮ್ಮಲ್ಲಿ ನಕ್ಷೆಗಳಿದ್ದವು. ತೆರಿಗೆಯವರದು ಒಂದು, ನೀರು ಸರಬರಾಜಿನವರದು ಒಂದು, ನಮ್ಮದು ಒಂದು. ಒಂದರಲ್ಲಿ ಇದ್ದ ಓಣಿ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಸದಸ್ಯರಲ್ಲಿ ಅರ್ಧ ಜನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದೇ ಜಗಳ ಶುರು ಮಾಡುತ್ತಿದ್ದರು. ಈಗಿನ ಅಧ್ಯಕ್ಷರು ಹಾರ್ಡ್‌ವೇರ್ ಅಂಗಡಿ ನಡೆಸಿದವರು, ಕಣ್ಣಿಗೆ ಕಂಡದ್ದನ್ನು, ಕೈಗೆ ಸಿಕ್ಕಿದ್ದನ್ನು ನಂಬುವ ಮನುಷ್ಯ. ಬಂದವರೇ ಒಂದು ರೂಲು ಮಾಡಿದರು. ಊರನ್ನು ಹೊಸದಾಗಿ ಅಳೆಸಿ ಮಾದರಿ ಮಾಡುವುದು. ಸಭೆಯ ದಿನ ಬೆಳಿಗ್ಗೆ ಸದಸ್ಯರು ಮೇಜಿನ ಸುತ್ತ ನಿಂತು, ಹೊಸ ಕಟ್ಟಡ, ಹೊಸ ರಸ್ತೆ ಎಲ್ಲಿ ಅಂತ ಅಲ್ಲೇ ಇಟ್ಟು ತೋರಿಸುವುದು. ಊಟದ ನಂತರ ಅಧ್ಯಕ್ಷರು "ಏನಾದ್ರೂ ಬದಲಾವಣೆ ಇದೆಯಾ?" ಅಂತ ಕೇಳಿ ಹಿತ್ತಾಳೆ ಗಂಟೆ ಹೊಡೆಯುವುದು. ಗಂಟೆ ಬಿದ್ದಾಗ ಮೇಜಿನ ಮೇಲೆ ಏನಿದೆಯೋ ಅದೇ ಯೋಜನೆ. ಆಮೇಲೆ ನಕ್ಷೆಗಾರ ಏಣಿ ಹತ್ತಿ, ಮೇಲಿನಿಂದ ಫೋಟೋ ಹೊಡೆದು, ಅದನ್ನು ನೋಡಿಕೊಂಡು ನಕ್ಷೆ ಬರೆಯುತ್ತಾನೆ. ಮೊದಲು ನಕ್ಷೆ, ಆಮೇಲೆ ಮಾದರಿ ಅನ್ನುವುದು ಲೋಕದ ಪದ್ಧತಿ. ನಮ್ಮಲ್ಲಿ ಮಗು ಹುಟ್ಟಿದ ಮೇಲೆ ಅಪ್ಪ ಅಮ್ಮನ ಮದುವೆ.

ಆದರೂ ಈ ಪದ್ಧತಿ ನನಗೆ ಇಷ್ಟವಾಗಿತ್ತು. ಯಾಕೆ ಸುಳ್ಳು ಹೇಳಲಿ? ಊರೇ ನನ್ನ ಕೈಯಿಂದ ಇಳಿದು ಬರುತ್ತಿತ್ತು.

ಈ ಸಲದ ಕೆಲಸ ಊರಿನ ಪೂರ್ವ ಭಾಗದ್ದು. ಮುಚ್ಚಿಹೋದ ಸೋಪಿನ ಕಾರ್ಖಾನೆಯ ಜಾಗದಲ್ಲಿ ಮನೆ ಇಲ್ಲದವರಿಗೆ ವಸತಿ ಕಟ್ಟಡಗಳು ಬರುವುದಿತ್ತು. ಒಳ್ಳೆಯ ಕೆಲಸವೇ. ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು ಹಿಂದಿನ ಬೀದಿ ಅಂತ ಒಂದು ಸಾಲು ಮನೆಗಳಿವೆ, ಆ ಸಾಲಿನಲ್ಲಿ ನನ್ನ ತಂಗಿಯ ಮನೆ. ನಾವಿಬ್ಬರೂ ಬಾಡಿಗೆ ಕೋಣೆಗಳಲ್ಲಿ ಬೆಳೆದವರು. ನಮ್ಮಮ್ಮ ಸಾಯುವಾಗಲೂ ಗೋಡೆಗೆ ಮೊಳೆ ಹೊಡೆಯಬೇಕಾದರೆ ಮನೆ ಓನರನ್ನು ಕೇಳಬೇಕಿತ್ತು. ನಮ್ಮ ವಂಶದಲ್ಲಿ ಸ್ವಂತ ಬಾಗಿಲು ಅಂತ ಕಂಡವಳು ತಂಗಿಯೇ ಮೊದಲು. ಆ ಮನೆಗೆ ಬಂದ ದಿನ ಅವಳು ಸುತ್ತಿಗೆ ಹಿಡಿದು ಅಗತ್ಯವಿದ್ದಲ್ಲಿ, ಇಲ್ಲದಲ್ಲಿ ಎಲ್ಲ ಕಡೆ ಮೊಳೆ ಹೊಡೆದಳು. ಗಂಡ ಬೇಡ ಬೇಡ ಅಂದಷ್ಟೂ ಹೊಡೆದಳು.

ಅದಕ್ಕೇ ಹಿಂದಿನ ಬೀದಿಯನ್ನು ನಾನು ಮನಸ್ಸಿಟ್ಟು ಮಾಡಿದೆ. ನಡೆದು ನೋಡಿ ಬಂದು ಮಾಡಿದೆ. ಟೈಲರ್ ಮನೆಯ ನೀಲಿ ಬಾಗಿಲು, ರಿಟೈರಾದ ಬಸ್ ಡ್ರೈವರ್ ಮನೆಯ ತಗಡಿನ ಮಾಡು, ನರ್ಸಮ್ಮನ ಕಿಟಕಿಯ ಹೂಕುಂಡ, ತಂಗಿ ಮನೆಯ ಸೊಟ್ಟ ಮೆಟ್ಟಿಲು. ಕೆಳಗಿನ ಮೆಟ್ಟಿಲಿನ ಮೂಲೆ ಒಡೆದಿದೆ, ಅದನ್ನೂ ಸೂಜಿಮೊನೆಯಲ್ಲಿ ಕೆತ್ತಿದೆ. ಉಳಿದ ಕಡೆಗೆ ಅಷ್ಟು ಹೊತ್ತು ಸಿಗಲಿಲ್ಲ. ಕಾರ್ಖಾನೆಯ ಆಚೆಗೆ, ಒಂದು ಗೋದಾಮಿನ ಹಿಂದೆ ಇನ್ನೊಂದು ಸಾಲಿತ್ತು. ಅಲ್ಲಿಗೆ ನಾನು ಹೋಗಲಿಲ್ಲ, ಅಳೆದವರು ಬರೆದುಕೊಟ್ಟ ಅಳತೆ ಕೈಯಲ್ಲಿತ್ತು. ಒಂದು ಉದ್ದ ಪಟ್ಟಿಯನ್ನು ಗರಗಸದಲ್ಲಿ ಕಚಕಚ ತುಂಡು ತುಂಡು ಮಾಡಿ, ಬಣ್ಣ ಕೂಡ ಹಚ್ಚದೆ ನೆಟ್ಟು ಕೈ ತೊಳೆದುಕೊಂಡೆ.

ಸಭೆಯ ಹಿಂದಿನ ದಿನ ಜನರು ಬಂದು ಮಾದರಿ ನೋಡಬಹುದು. ಆ ದಿನ ನಾನು ಸಭಾಂಗಣಕ್ಕೆ ಹೋಗುವ ಹಾಗಿಲ್ಲ. ಕಳೆದ ಸಲ ಯಾರೋ ನೀರಿನ ಟ್ಯಾಂಕ್ ಮುಟ್ಟಿದರು ಅಂತ ನಾನು ಕೂಗಾಡಿದ್ದೆನಂತೆ. "ನೀವು ಅಲ್ಲಿದ್ರೆ ಜನ ಕಣ್ಣಲ್ಲಿ ನೋಡೋಕೂ ಹೆದರ್ತಾರೆ, ನೀವು ನಿಮ್ಮ ವರ್ಕ್‌ಶಾಪಲ್ಲೇ ಇರಿ" ಅಂದರು ಅಧ್ಯಕ್ಷರು. ಇದ್ದೆ. ಸಂಜೆ ಪ್ಯೂನ್ ಬಂದು, "ಸಿಕ್ಕಾಪಟ್ಟೆ ಜನ ಮಾದರಿಯಮ್ಮ! ಹಿಂದಿನ ಬೀದಿಯವರಂತೂ ಮಕ್ಕಳು ಮರಿ ಕಟ್ಕೊಂಡು ಬಂದಿದ್ರು. ಆಮೇಲೆ ಬಟ್ಟೆ ಮುಚ್ಚಿ ಬೀಗ ಹಾಕಿದೆ," ಅಂದ. ಕೇಳಿ ಖುಷಿಯಾಯಿತು.

ತಂಗಿಗಂತೂ ಮೊದಲೇ ಹೇಳಿದ್ದೆ. "ನಿನ್ನ ಮನೆ ನನ್ನ ಮೇಜಿನ ಮೇಲೆ ಗಟ್ಟಿಯಾಗಿ ಕೂತಿದೆ ಕಣೇ. ಯಾವ ಗಂಡು ಬಂದು ಅಲುಗಾಡಿಸ್ತಾನೆ ನೋಡ್ತೀನಿ."

ಬೆಳಿಗ್ಗೆ ಸಭೆ ಸೇರಿತು. ಪ್ಯೂನ್ ಬಟ್ಟೆ ತೆಗೆಯುವಾಗ ನಾನು ಬಾಗಿಲ ಹತ್ತಿರ ಹೆಚ್ಚಿನ ಕುರ್ಚಿಗಳನ್ನು ಬಿಡಿಸಿ ಹಾಕುತ್ತಿದ್ದೆ. ಸದಸ್ಯರು ಮೇಜಿನ ಸುತ್ತ ಗುಂಪುಗಟ್ಟಿದ್ದರಿಂದ ನನಗೆ ಅವರ ಬೆನ್ನುಗಳಷ್ಟೇ ಕಾಣುತ್ತಿದ್ದವು. ವಸತಿ ಕಟ್ಟಡಗಳನ್ನು ಕಾರ್ಖಾನೆಯ ಜಾಗದಲ್ಲಿ ಇಟ್ಟರು, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಅಷ್ಟು ಮನೆ ಕಟ್ಟಿದರೆ ಮಕ್ಕಳಿಗೆ ಆಟದ ಮೈದಾನವೂ ಕೊಡಬೇಕು ಅನ್ನುವುದು ನಿಯಮ. ಅದೆಲ್ಲಿ ಅಂತ ಚರ್ಚೆ ಹತ್ತಿತು. ಒಬ್ಬರು ಹೆದ್ದಾರಿ ಪಕ್ಕ ಅಂದರು, ಇನ್ನೊಬ್ಬರು ಚೆಂಡು ಲಾರಿ ಕೆಳಗೆ ಹೋದರೆ ಹಿಂದೆಯೇ ಮಗು ಹೋಗುತ್ತೆ ಅಂದರು. ಆಗ ಅಧ್ಯಕ್ಷರ ದನಿ ಕೇಳಿತು.

"ಯಾಕ್ರೀ ತಲೆ ಕೆಡಿಸ್ಕೋತೀರಾ? ಇಲ್ಲೇ ಇದೆಯಲ್ಲ ಖಾಲಿ ಜಾಗ, ಕಟ್ಟಡಕ್ಕೆ ಅಂಟ್ಕೊಂಡೇ. ಹೇಳಿ ಮಾಡಿಸಿದ ಹಾಗಿದೆ."

ಖಾಲಿ ಜಾಗ? ಕಾರ್ಖಾನೆಗೆ ಅಂಟಿಕೊಂಡು ಖಾಲಿ ಜಾಗವೇ ಇಲ್ಲ. ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟು, ಇಬ್ಬರು ಸದಸ್ಯರ ನಡುವೆ ತಲೆ ತೂರಿಸಿ ನೋಡಿದೆ.

ಹಿಂದಿನ ಬೀದಿ ಇರಲಿಲ್ಲ.

ಒಂದು ಮನೆ ಬಿದ್ದಿದ್ದರೆ ಎತ್ತಿ ನಿಲ್ಲಿಸಬಹುದಿತ್ತು. ಬಿದ್ದಿದ್ದಲ್ಲ, ಇಡೀ ಸಾಲೇ ಇಲ್ಲ. ನೀಲಿ ಬಾಗಿಲಿಲ್ಲ, ತಗಡಿನ ಮಾಡು ಇಲ್ಲ, ನನ್ನ ತಂಗಿಯ ಸೊಟ್ಟ ಮೆಟ್ಟಿಲಿಲ್ಲ. ಮೊಳೆ ಕೂರುತ್ತಿದ್ದ ತೂತುಗಳು ಮಾತ್ರ ಸಾಲಾಗಿ ಬಾಯಿ ಬಿಟ್ಟುಕೊಂಡಿದ್ದವು. ನೋಡುತ್ತಿದ್ದ ಹಾಗೇ ಅಧ್ಯಕ್ಷರು ಹಸಿರು ಬಟ್ಟೆಯ ತುಂಡೊಂದನ್ನು, ಅದೂ ಮೈದಾನಕ್ಕೆ ಅಂತ ನಾನೇ ಕತ್ತರಿಸಿ ಕೊಟ್ಟ ಬಟ್ಟೆಯನ್ನು, ಆ ತೂತುಗಳ ಮೇಲೆ ಹಾಸಿ ಅಂಗೈಯಲ್ಲಿ ಸವರಿ ಸರಿ ಮಾಡಿದರು. ಬಾಯಿ ತೆರೆದರೆ ದನಿಯೇ ಹೊರಡದು. ದನಿ ಇಲ್ಲದ ನಾನು ಹೇಗಿರುತ್ತೇನೆ ಅಂತ ನನಗೇ ಆವತ್ತಿನವರೆಗೆ ಗೊತ್ತಿರಲಿಲ್ಲ.

ಆಮೇಲೆ ದನಿ ಬಂತು. ಬಂದದ್ದು ಎಂಥಾ ದನಿ ಅಂದರೆ ಕಿಟಕಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು.

"ಅಲ್ಲಿ ಮನೆಗಳಿವೆ ಸರ್! ನನ್ನ ಮನೆಗಳು ಎಲ್ಲಿ? ಯಾರು ತೆಗೆದಿದ್ದು?"

"ಮನೆನಾ? ಬಟ್ಟೆ ತೆಗೆದಾಗ್ಲೂ ಏನೂ ಇರ್ಲಿಲ್ವಲ್ಲ," ಅಂದರು ಒಬ್ಬರು. ಆ ವಾರ್ಡಿನ ಸದಸ್ಯರಾದರೂ ಬಾಯಿ ಬಿಡುತ್ತಾರಾ ಅಂತ ಹುಡುಕಿದೆ. ಅವರು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದರು.

"ಆ ತೂತು ನೋಡಿ ಸರ್, ಅದು ಮನೆಗಳ ತೂತು!"

"ತೂತಾ? ಮರ ನೆಡೋಕೆ ಗುರುತು ಮಾಡಿದ್ದೀರಿ ಅಂದ್ಕೊಂಡೆ," ಅಂದರು ಅಧ್ಯಕ್ಷರು. ಗೇಲಿ ಮಾಡಿದ್ದಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು. ಅದೇ ನನ್ನ ಹೊಟ್ಟೆ ಉರಿಸಿತು.

ಗೋಡೆ ಬದಿಯಲ್ಲಿ ಕಂಟ್ರಾಕ್ಟರ್ ಕಾಫಿ ಕುಡಿಯುತ್ತ ನಿಂತಿದ್ದ. ವಸತಿ ಕಟ್ಟಡದ ಕೆಲಸ ಅವನದೇ. ಇನ್ಯಾರು ಮಾಡುತ್ತಾರೆ ಇಂಥ ಕೆಲಸ? ನೇರ ಅವನ ಮುಂದೆ ಹೋಗಿ ನಿಂತೆ. "ನೀನೇ ಅಲ್ವೇನಯ್ಯಾ? ಜಾಗ ಸಾಕಾಗ್ಲಿಲ್ವಾ ನಿಂಗೆ?" ಅವನು ಕಪ್ಪು ಅಲುಗಾಡಿಸಿಕೊಂಡು ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ. "ಅಮ್ಮಾ, ನಾನು ನಿನ್ನೆ ಊರಲ್ಲೇ ಇರ್ಲಿಲ್ಲ!" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಿತ್ತು ಅವನ ಮುಖ. ಇವನೇ ಅಂತ ತೀರ್ಮಾನ ಮಾಡಿಬಿಟ್ಟೆ.

"ಸರ್, ಅಳತೆಯಲ್ಲಿ ಆ ಮನೆಗಳಿವೆ, ನಾನು ಈಗ್ಲೇ ಹೊಸದಾಗಿ ಮಾಡಿ ಇಡ್ತೀನಿ," ಅಂದೆ.

ಅಧ್ಯಕ್ಷರು ತಲೆಯಾಡಿಸಿದರು. "ನೋಡೀಮ್ಮಾ, ಕಾಲುವೆ ಪಕ್ಕದ ಗುಡಿಸಲುಗಳೂ ಅಳತೆಯಲ್ಲಿದ್ವು. ಹೋಗಿ ನೋಡಿದ್ರೆ ಯಾವತ್ತೋ ಬಿದ್ದು ಹೋಗಿದ್ವು. ಅದಕ್ಕೇ ಅಲ್ವಾ ಈ ಮೇಜಿನ ರೂಲು? ಮೇಲಾಗಿ ನಿಮ್ಮ ತಂಗಿ ಆ ಕಡೆನೇ ಎಲ್ಲೋ ಇರೋದು ಅಂತ ಇಲ್ಲಿ ಎಲ್ರಿಗೂ ಗೊತ್ತು. ನೀವೇ ಇಟ್ರೆ ನಾಳೆ ನಾಲ್ಕು ಜನ ನಾಲ್ಕು ಥರ ಮಾತಾಡ್ತಾರೆ. ಮನೆ ಇದ್ರೆ ಮನೆಯವರು ಇರ್ತಾರಲ್ಲ? ಕರ್ಕೊಂಡು ಬನ್ನಿ, ಅವರ ಬಾಯಲ್ಲೇ ಹೇಳಿಸಿ. ಊಟ ಆದ್ಮೇಲೆ ಗಂಟೆ."

ಚಪ್ಪಲಿ ಎಲ್ಲಿ ಬಿಟ್ಟಿದ್ದೆನೋ ಗೊತ್ತಿಲ್ಲ, ಸಿಕ್ಕಿದ ಯಾರದೋ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ದಾರಿಯುದ್ದಕ್ಕೂ ಕಂಟ್ರಾಕ್ಟರನ ಮನೆತನವನ್ನು ಜಾಲಾಡಿದೆ. ಬೈಗುಳ ಮುಗಿದ ಮೇಲೆ ಭಯ ಶುರುವಾಯಿತು. ಗಂಟೆ ಬಿದ್ದರೆ ನಕ್ಷೆ, ನಕ್ಷೆ ಆದರೆ ನೋಟಿಸು, ನೋಟಿಸಿನ ಹಿಂದೆ ಬುಲ್‌ಡೋಜರ್. ಅವಳ ಮೊಳೆಗಳೆಲ್ಲ ಕಣ್ಣ ಮುಂದೆ ಬಂದವು.

ತಂಗಿ ಬಾಗಿಲಲ್ಲೇ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. "ಏನಕ್ಕಾ ಇಷ್ಟೊತ್ತಲ್ಲಿ? ಎರಡು ಕಾಲಿಗೂ ಎಡಗಾಲಿನ ಚಪ್ಪಲಿ ಹಾಕ್ಕೊಂಡಿದ್ದೀಯಾ!" ಅಂತ ನಕ್ಕಳು.

"ನಗಬೇಡ್ವೇ. ನಿನ್ನ ಮನೆ ಹೋಯ್ತು ಕಣೇ. ಇಡೀ ಬೀದಿನೇ ಹೋಯ್ತು."

ಇಸ್ತ್ರಿಪೆಟ್ಟಿಗೆ ಅವಳ ಕೈಯಲ್ಲೇ ನಿಂತಿತು. ಉಸಿರು ಬಿಡದೆ ಎಲ್ಲ ಹೇಳಿದೆ. ಖಾಲಿ ಜಾಗ, ಹಸಿರು ಬಟ್ಟೆ, ಆಟದ ಮೈದಾನ, ಊಟ ಆದ ಮೇಲೆ ಗಂಟೆ. "ಯಾರೋ ಬೇಕಂತಲೇ ಕಿತ್ತು ಹಾಕಿದ್ದಾರೆ. ನನ್ನ ಕೈಗೆ ಸಿಗ್ಲಿ ಅವನು, ಅವನ ಬೆರಳು ಮುರೀತೀನಿ."

ಅವಳ ಮುಖ ಬಿಳುಚಿಕೊಂಡಿತು. ಅಳುತ್ತಾಳೆ ಅಂದುಕೊಂಡೆ. ಅವಳು ಅಳಲಿಲ್ಲ, ನನ್ನನ್ನೂ ನೋಡಲಿಲ್ಲ. ಗೋಡೆಯ ಕಡೆ ಒಂದು ಸಲ ಕಣ್ಣು ಹಾಯಿಸಿ ತಟ್ಟನೆ ನೆಲ ನೋಡಿದಳು. ನಾನೂ ಗೋಡೆ ನೋಡಿದೆ. ಕನ್ನಡಿಯ ಪಕ್ಕದ ಹಲಗೆಯ ಮೇಲೆ ಬೋರಲು ಹಾಕಿದ ಒಂದು ಗಾಜಿನ ಲೋಟ ಇತ್ತು. ಲೋಟದೊಳಗೆ ಒಂದು ಪುಟ್ಟ ಮನೆ. ಸೊಟ್ಟ ಮೆಟ್ಟಿಲು, ಒಡೆದ ಮೂಲೆ.

ನಾನು ಹೋಗಿ ಲೋಟ ಎತ್ತಿದೆ.

"ಇದು... ಇಲ್ಲಿಗೆ ಹೇಗೆ ಬಂತೇ?"

"ನಾನೇ ತಂದೆ ಅಕ್ಕಾ." ದನಿ ಬಾವಿಯ ತಳದಿಂದ ಬಂದಂತಿತ್ತು. "ಬೈಬೇಡ. ನೋಡ್ತಾ ನೋಡ್ತಾ ಬಿಟ್ಟು ಬರೋಕೆ ಮನಸ್ಸೇ ಬರ್ಲಿಲ್ಲ. ಮೆಟ್ಲು ಒಡೆದಿರೋದು ಕೂಡ ಮಾಡಿದ್ದೀಯಲ್ಲ! ನಮ್ಮನೇನ ಯಾರಾದ್ರೂ ಇಷ್ಟು ಹತ್ರದಿಂದ ನೋಡಿದ್ದಾರಾ ಅನ್ನಿಸ್ತು. ಅಮ್ಮ ಇದ್ದಿದ್ರೆ ಅಂಗೈ ಮೇಲೆ ಇಟ್ಕೊಂಡು ನೋಡ್ತಿದ್ಲು ಅಂತ... ಒಂದು ಹೋದ್ರೆ ಅಕ್ಕ ಇನ್ನೊಂದು ಮಾಡ್ಕೋತಾಳೆ ಬಿಡು ಅಂತ ಸೆರಗಲ್ಲಿ ಮುಚ್ಕೊಂಡು ಬಂದೆ. ಧೂಳು ಕೂತ್ಕೋಬಾರ್ದು ಅಂತ ಲೋಟ ಹಾಕಿದ್ದೀನಿ."

"ಒಂದಲ್ವಲ್ಲೇ! ಇಡೀ ಸಾಲೇ ಇಲ್ಲ!"

"ನಾನು ತಂದಿದ್ದು ಒಂದೇ. ನಿನ್ನಾಣೆ ಅಕ್ಕಾ. ನಾನು ಹೋದಾಗ ಮಿಕ್ಕಿದ್ದೆಲ್ಲ ಅಲ್ಲೇ ಇತ್ತು."

ಹೊರಗೆ ಬಂದೆ. ಪಕ್ಕದ ಮನೆಯ ಟೈಲರ್ ತಲೆ ಬಗ್ಗಿಸಿ ಹೊಲಿಯುತ್ತಿದ್ದ. ಮಿಷನ್ನಿನ ಪಕ್ಕದಲ್ಲಿ ಕತ್ತರಿಸಿದ ಬಟ್ಟೆಗಳು ಗಾಳಿಗೆ ಹಾರದ ಹಾಗೆ ಅದರ ಮೇಲೊಂದು ಭಾರ ಇಟ್ಟಿದ್ದ. ನೀಲಿ ಬಾಗಿಲಿನ ಭಾರ. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅವನು ಕಾಲು ನಿಲ್ಲಿಸಿದ.

"ಒಂದೇ ಒಂದು ತಗೊಂಡೆ ಅಕ್ಕಾ," ಅಂದ. "ಒಂದು ಹೋದ್ರೆ ಗೊತ್ತಾಗಲ್ಲ ಅಂದ್ಕೊಂಡೆ."

ಬಸ್ ಡ್ರೈವರ್ ಯಜಮಾನರು ಅಂಗಿಯ ಜೇಬಿನಿಂದ ತಮ್ಮ ಮನೆಯನ್ನು ತೆಗೆದು ತೋರಿಸಿದರು. ಚುಚ್ಚುತ್ತದೆ ಅಂತ ಮೊಳೆ ಕಿತ್ತು ಬಿಸಾಡಿದ್ದರು. ನರ್ಸಮ್ಮನ ಮನೆ ಅವರ ದಿಂಬಿನ ಕೆಳಗಿತ್ತು. ಮೂಲೆಮನೆಯ ಅಜ್ಜಿ ತಮ್ಮದನ್ನು ಸಕ್ಕರೆ ಡಬ್ಬದಲ್ಲಿ ಇಟ್ಟಿದ್ದರು. ಯಾಕೆ ಅಂತ ಕೇಳಿದರೆ, "ಮನೇಲಿ ಇರೋ ಒಳ್ಳೇದನ್ನೆಲ್ಲ ಅಲ್ಲೇ ಇಡೋದು" ಅಂದರು. ಬಾಗಿಲು ಬಾಗಿಲಿಗೆ ಹೋದೆ. ಬಾಗಿಲು ಬಾಗಿಲಲ್ಲೂ ಅದೇ ಮಾತು. ನಾನು ಒಂದೇ ತಗೊಂಡೆ. ಪ್ರತಿಯೊಬ್ಬರೂ ತಾವೊಬ್ಬರೇ ಅಂದುಕೊಂಡಿದ್ದರು. ಖಾಲಿ ತೂತು ಕಂಡವರೂ ಅಲ್ಲಿ ಇನ್ನೂ ಮನೆ ಇಟ್ಟಿಲ್ಲ ಅಂದುಕೊಂಡಿದ್ದರು. ನಾಚಿಕೆಗೆ ಪಕ್ಕದವರಿಗೂ ಹೇಳಿರಲಿಲ್ಲ. ತಮ್ಮ ಮನೆಯ ಮೇಲಿನ ಆಸೆಗೆ ತಮ್ಮ ಮನೆಯನ್ನೇ ಕದ್ದು, ಕೈಯಾರೆ ತಮ್ಮ ಬೀದಿಯನ್ನು ಖಾಲಿ ಮಾಡಿಕೊಂಡು ಬಂದಿದ್ದರು.

ನಗಬೇಕೋ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೈಯಲು ಒಬ್ಬ ಕಳ್ಳನಾದರೂ ಬೇಕಲ್ಲ? ಬೀದಿ ನಡುವೆ ಕಕ್ಕಾಬಿಕ್ಕಿಯಾಗಿ ನಿಂತೆ. ಆಮೇಲೆ ನನ್ನ ಹಳೆಯ ಬಾಯಿ ವಾಪಸು ಬಂತು.

"ಏನು ನೋಡ್ತಾ ನಿಂತಿದ್ದೀರಾ? ಮನೆ ಎತ್ಕೊಳ್ರೋ! ನಡೀರಿ!"

ಹಾಗೆ ಹಿಂದಿನ ಬೀದಿ ರಸ್ತೆಗಿಳಿಯಿತು. ಎಲ್ಲರೂ ಒಂದು ಕೈಯಲ್ಲಿ ತಮ್ಮ ಮನೆ ಹಿಡಿದು ಇನ್ನೊಂದು ಕೈ ಅಡ್ಡ ಕೊಟ್ಟುಕೊಂಡಿದ್ದರು, ದೀಪ ಆರದ ಹಾಗೆ ತರುತ್ತಾರಲ್ಲ ಹಾಗೆ. ತಂಗಿ ನನ್ನ ಪಕ್ಕದಲ್ಲೇ ನಡೆದಳು. ದಾರಿಯಲ್ಲಿ ಒಂದೇ ಒಂದು ಸಲ ಕೇಳಿದಳು.

"ಅಕ್ಕಾ, ಉಳಿಯುತ್ತಾ?"

"ಉಳಿಸ್ತೀನಿ ಬಾ," ಅಂದೆ. ಎಡಗಾಲಿನ ಚಪ್ಪಲಿಗಳನ್ನು ಎಳೆದುಕೊಂಡು ಹೆಜ್ಜೆ ಜೋರು ಮಾಡಿದೆ.

ನಾವು ಸಭಾಂಗಣಕ್ಕೆ ನುಗ್ಗಿದಾಗ ಊಟ ಮುಗಿದಿತ್ತು. ಅಧ್ಯಕ್ಷರು ಗಂಟೆಯ ಹಿಡಿ ಒರೆಸಿಕೊಳ್ಳುತ್ತಿದ್ದರು, ನಕ್ಷೆಗಾರ ಏಣಿ ತಂದು ನಿಲ್ಲಿಸಿದ್ದ. ನಾನು ಏನೂ ಹೇಳಬೇಕಾಗಲಿಲ್ಲ. ಮೂಲೆಮನೆಯ ಅಜ್ಜಿ ಮೊದಲು ಮುಂದೆ ಹೋಗಿ, ಸಕ್ಕರೆ ಕಾಳು ಅಂಟಿದ್ದ ಮನೆಯನ್ನು ಎತ್ತಿ ತೋರಿಸಿ, "ಇದು ನಂದು. ನಾನಿನ್ನೂ ಇದರೊಳಗೇ ಇದ್ದೀನಿ," ಅಂದರು. ಸಭೆಯಲ್ಲಿ ಒಂದು ನಗೆ ಎದ್ದು, ಅಜ್ಜಿಯ ಮುಖ ನೋಡಿ ಅಲ್ಲೇ ಅಡಗಿತು. ಅಧ್ಯಕ್ಷರು ತಾವೇ ಹಸಿರು ಬಟ್ಟೆಯನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡರು. ಅಜ್ಜಿ ಮನೆಯನ್ನು ತೂತಿಗೆ ಕೂರಿಸಿದರು. ಆಮೇಲೆ ನರ್ಸಮ್ಮ, ಟೈಲರ್, ಒಬ್ಬರಾದ ಮೇಲೆ ಒಬ್ಬರು. ಮೊಳೆ ಇಲ್ಲದ ಡ್ರೈವರ್ ಮನೆ ವಾಲಿಕೊಂಡಿತು, ಕಂಟ್ರಾಕ್ಟರೇ ಮುಂದೆ ಬಂದು ತನ್ನ ಕೀಲಿಗೊಂಚಲನ್ನು ಆಸರೆಗೆ ಕೊಟ್ಟ. ನನಗೆ ತಲೆ ಎತ್ತಿ ಅವನ ಮುಖ ನೋಡಲಾಗಲಿಲ್ಲ.

ಕೊನೆಗೆ ತಂಗಿ. ಅವಳ ಕಣ್ಣು ಮನೆಯ ಮೇಲೇ ಇದ್ದದ್ದರಿಂದ ಮೊಳೆ ತೂತಿಗೆ ಸಿಗುತ್ತಿರಲಿಲ್ಲ. ನಾನು ಮುಂದೆ ಬಾಗಿದೆ. "ನೀವು ಮುಟ್ಬೇಡಿ ಮಾದರಿಯಮ್ಮ," ಅಂದರು ಅಧ್ಯಕ್ಷರು, ಮೆತ್ತಗೆ. ಅವಳೇ ಕೂರಿಸಿದಳು. ಕೂರಿಸಿ, ತಾಯಿ ಮಗುವಿನ ತಲೆ ಸವರುವಂತೆ ಅದರ ಮಾಡು ಸವರಿ ಹಿಂದೆ ಸರಿದಳು. ಹಿಂದಿನ ಬೀದಿ ಮತ್ತೆ ಸಾಲಾಗಿ ನಿಂತಿತು. ನನಗೆ ಕಣ್ಣು ತುಂಬಿ ಬಂತು, ಬರಲಿ ಅಂತ ಬಿಟ್ಟೆ.

"ತಪ್ಪಾಗ್ತಿತ್ತು," ಅಂದರು ಅಧ್ಯಕ್ಷರು. "ದೊಡ್ಡ ತಪ್ಪಾಗ್ತಿತ್ತು. ಬಂದಿದ್ದು ಒಳ್ಳೇದಾಯ್ತು." ಕೆಟ್ಟ ಮನುಷ್ಯನಲ್ಲ ಅವರು. ಆಮೇಲೆ ಕೈಯಲ್ಲಿದ್ದ ಹಸಿರು ಬಟ್ಟೆಯನ್ನು ನೋಡಿಕೊಂಡರು. "ಆದ್ರೆ ಇದನ್ನ ಎಲ್ಲಾದ್ರೂ ಹಾಕ್ಬೇಕಲ್ಲ. ಮೈದಾನ ಇಲ್ದೆ ಮನೆ ಕಟ್ಟೋಕೆ ಆಗಲ್ಲ."

ಅವರ ಕಣ್ಣು ಮೇಜಿನ ಮೇಲೆ ಸುತ್ತಾಡಿತು. ಅಂಗಡಿಯ ಕಪಾಟಿನಲ್ಲಿ ಸಾಮಾನು ಹುಡುಕುವ ಹಾಗೆ, ಅಲ್ಲೊಮ್ಮೆ ನಿಂತು, ಇಲ್ಲೊಮ್ಮೆ ನಿಂತು, ಗೋದಾಮಿನ ಹಿಂದೆ ಬಂದು ನಿಂತಿತು.

"ಇದೇನಿದು, ಬಣ್ಣ ಇಲ್ದೆ ಇರೋದು?"

"ಗೋದಾಮಿನ ಹಿಂದಿನ ಸಾಲು ಸರ್," ಅಂದ ನಕ್ಷೆಗಾರ.

"ಮನೆಗಳಾ, ಶೆಡ್ಡುಗಳಾ?"

ನಕ್ಷೆಗಾರ ನನ್ನನ್ನು ನೋಡಿದ. ಅಧ್ಯಕ್ಷರು ತಲೆ ಎತ್ತಿ ಸಭೆಯನ್ನು ಕೇಳಿದರು. "ಆ ಸಾಲಿನವರು ಯಾರಾದ್ರೂ ಬಂದಿದ್ದೀರಾ?" ಯಾರೂ ಬಂದಿರಲಿಲ್ಲ. ಯಾಕೆ ಬರುತ್ತಾರೆ? ನಿನ್ನೆ ನೋಡಲು ಬಂದಿದ್ದರೂ, ತಮ್ಮದು ಯಾವುದು ಅಂತ ಅವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ. ಎಲ್ಲ ಒಂದೇ ಥರದ ತುಂಡುಗಳು. ಕದಿಯಬೇಕು ಅನ್ನಿಸುವಂಥದ್ದು ಅಲ್ಲಿ ಒಂದೂ ಇರಲಿಲ್ಲ.

ಅಧ್ಯಕ್ಷರು ಮೊದಲ ತುಂಡನ್ನು ಕಿತ್ತು ಅಂಗೈಗೆ ಹಾಕಿಕೊಂಡರು. ಎರಡನೆಯದನ್ನೂ ಕಿತ್ತರು. ಅಷ್ಟು ಸುಲಭವಾಗಿ ಬಂದವು! ಬೆಳಿಗ್ಗೆ ಖಾಲಿ ತೂತುಗಳನ್ನು ಕಂಡಾಗ ನನಗೆ ಸಿಡಿಲು ಬಡಿದಂತಾಗಿತ್ತು. ಈಗ ನನ್ನ ಕಣ್ಣೆದುರೇ ಒಂದೊಂದೇ ತೂತು ಖಾಲಿಯಾಗುತ್ತಿತ್ತು, ಸಭೆಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಹಿಂದಿನ ಬೀದಿಯವರೂ ಎತ್ತಲಿಲ್ಲ. ಅವರು ತಮ್ಮ ಮನೆಗಳನ್ನೇ ನೋಡುತ್ತಿದ್ದರು.

ಯಾವಾಗ ಮುಂದೆ ಹೋದೆನೋ ತಿಳಿಯದು, ನನ್ನ ಎಡಗೈ ಉಳಿದ ತುಂಡುಗಳ ಮೇಲೆ ಬೋರಲಾಗಿ ಬಿದ್ದಿತ್ತು.

"ಏನಿದು ಮಾದರಿಯಮ್ಮ?"

"ಮನೆಗಳು ಸರ್ ಇವು."

"ಯಾರಿದ್ದಾರೆ ಅಲ್ಲಿ?"

"ಗೊತ್ತಿಲ್ಲ."

"ನೀವು ಹೋಗಿ ನೋಡಿದ್ದೀರಾ?"

"ಇಲ್ಲ ಸರ್. ಅಳತೆಯಲ್ಲಿ ಮನೆ ಅಂತಿದೆ."

"ಬೆಳಿಗ್ಗೆ ನಿಮ್ಮ ತಂಗಿ ಬೀದಿಗೂ ಅಳತೆ ಇತ್ತು. ಆಗ ನಾನೇನು ಹೇಳಿದೆ? ಮನೆಯವರನ್ನ ಕರ್ಕೊಂಡು ಬನ್ನಿ ಅಂದೆ. ನೀವು ಕರ್ಕೊಂಡು ಬಂದ್ರಿ, ನಾನು ಮರುಮಾತಿಲ್ದೆ ಬಟ್ಟೆ ಎತ್ತಿದೆ. ಇವರು ಬಂದಿಲ್ಲ. ಎಲ್ರಿಗೂ ಒಂದೇ ರೂಲು ತಾನೇ?" ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. "ಹೊತ್ತಾಯ್ತು. ಕೈ ತೆಗೀರಿ."

ಬಲಗೈಯನ್ನು ಯಾರೋ ಹಿಡಿದರು. ತಂಗಿ. ಕಿವಿಯ ಹತ್ತಿರ ಬಂದು, ಚಿಕ್ಕವಳಿದ್ದಾಗ ಏನಾದರೂ ಬೇಕಾದಾಗ ಕೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು.

"ಅಕ್ಕಾ, ನಮ್ದು ಉಳೀತಲ್ಲ. ಕೈ ತೆಗಿಯೇ. ಗಂಟೆ ಹೊಡೀಲಿ."

ತಿರುಗಿ ಅವಳ ಮುಖ ನೋಡಿದೆ. ಮೊಳೆ ಹೊಡೆದವಳು ಇವಳೇ, ಲೋಟ ಮುಚ್ಚಿದವಳು ಇವಳೇ. ಅವಳ ಹಿಂದೆ ಟೈಲರ್, ನರ್ಸಮ್ಮ, ಡ್ರೈವರ್ ಯಜಮಾನರು. ಎಲ್ಲರ ಕಣ್ಣೂ ಗಂಟೆಯ ಮೇಲಿತ್ತು, ಎಲ್ಲರ ಮುಖದಲ್ಲೂ ಅದೇ ಬೇಡಿಕೆ. ಹೊಡೆಯಲಿ, ಬೇಗ ಹೊಡೆಯಲಿ. ಇವರಿಗೆ ನಾನು ಏನಂತ ಬೈಯಲಿ? ನನ್ನ ಕೈಯಡಿಯ ತುಂಡುಗಳು ಒರಟಾಗಿದ್ದವು. ಮರಳುಕಾಗದ ಕೂಡ ಮುಟ್ಟಿಸಿರಲಿಲ್ಲ ನಾನು. ಒಂದು ಸಿಬಿರು ಅಂಗೈಗೆ ಚುಚ್ಚುತ್ತಿತ್ತು.

"ಸರ್," ಅಂದೆ. "ಗಂಟೆ ಬಿದ್ದಾಗ ಮೇಜಿನ ಮೇಲೆ ಏನಿರುತ್ತೋ ಅದೇ ಯೋಜನೆ, ಅಲ್ವಾ?"

"ಹೌದು."

"ಈಗ ಮೇಜಿನ ಮೇಲೆ ನನ್ನ ಕೈ ಇದೆ. ಹೊಡೀರಿ ಗಂಟೆ."

ತಂಗಿ ನನ್ನ ಬಲಗೈ ಬಿಟ್ಟಳು. ಅಧ್ಯಕ್ಷರ ಕೈ ಗಂಟೆಯ ಹಿಡಿಯ ಮೇಲೆ ಹಾಗೇ ನಿಂತಿತು. ಏಣಿಯ ಮೇಲಿಂದ ನಕ್ಷೆಗಾರ ನಮ್ಮಿಬ್ಬರನ್ನೂ ನೋಡುತ್ತಿದ್ದ. ನಾನು ಕೈ ತೆಗೆಯಲಿಲ್ಲ.